ಪರದೆಯ ನಡುವಿನ ಅಲೆ

ಮನೆಯಲ್ಲೇ ಸಿನಿಮಾ ನೋಡಲು ತರಿಸಿದ ಪರದೆ ಬಂದದ್ದು ರಟ್ಟಿನ ಡಬ್ಬಿಯಲ್ಲಿ, ಹೊಸ ಸೀರೆಯ ಹಾಗೆ ಮಡಿಕೆ ಮಡಿಕೆಯಾಗಿ. ಬಿಚ್ಚಿ ಗೋಡೆಗೆ ಹಿಡಿದಾಗ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು ಗೆರೆ ಎದ್ದು ಕಾಣುತ್ತಿದ್ದವು. ನನ್ನ ಹೆಂಡತಿ ನೋಡಿ, "ಇದೇನ್ರಿ, ನಿಮ್ಮ ಹೊಲದ ನಕ್ಷಿ ಇದ್ದಂಗೈತಿ" ಅಂದಳು. ನಾನು ಆಗ ಕೂಡ್ಲಿಗಿಯಲ್ಲಿ ಸರ್ಕಾರಿ ಸರ್ವೇಯರ್. ಹೊಲಗಳ ಹದ್ದು, ಗಡಿ ಅಳೆದು ಕಲ್ಲು ನೆಡಿಸುವ ಕೆಲಸ. ಅವತ್ತು ಇಬ್ಬರೂ ನಕ್ಕೆವು.

ನಮಗೆ ಮಕ್ಕಳಿಲ್ಲ. ಅವಳು ಪ್ರಾಥಮಿಕ ಶಾಲೆಯ ಟೀಚರು. ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿದಾಗ ಅದನ್ನು ಏನು ಮಾಡುವುದೆಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ನಾನು ಹುಟ್ಟಿದ್ದು ತಂಬ್ರಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ನಾನೂ ನಮ್ಮ ಕೇರಿಯ ನನ್ನ ಗೆಳೆಯನೂ ಟೆಂಟ್ ಸಿನಿಮಾ ನೋಡುತ್ತಿದ್ದದ್ದು ಟೆಂಟಿನ ಹಿಂದಿನಿಂದ. ಅಲ್ಲಿ ಬಟ್ಟೆಗೆ ಒಂದು ಹರಕಿತ್ತು. ಅದರೊಳಗಿಂದ ಪರದೆಯ ಬೆನ್ನು ಕಾಣುತ್ತಿತ್ತು. ನಾಯಕ ಎಡಗೈಯಲ್ಲಿ ಹೊಡೆಯುತ್ತಿದ್ದ, ಅಕ್ಷರಗಳೆಲ್ಲ ತಿರುಗಿರುತ್ತಿದ್ದವು, ಗಾಳಿ ಬಂದರೆ ಎಲ್ಲರ ಮುಖವೂ ಉಬ್ಬಿ ಇಳಿಯುತ್ತಿತ್ತು. ನೌಕರಿ ಮುಗಿಯುವುದರೊಳಗೆ ನನ್ನದೇ ಆದ ಒಂದು ಪರದೆ ಇರಬೇಕು, ಅದರ ಮೇಲೆ ಒಂದೂ ಸುಕ್ಕು ಇರಬಾರದು ಅನ್ನುವುದು ನನ್ನ ಆಸೆಯಾಗಿತ್ತು. ದೊಡ್ಡ ಆಸೆಯೇನಲ್ಲ. ಬೇರೆ ಯಾರಿಗೂ ಹೇಳಿರಲಿಲ್ಲ.

ಆ ಗೆಳೆಯ ಆಗ ಕೊಟ್ಟೂರಿನಲ್ಲಿ ಲಾರಿಗೆ ಹೊದಿಸುವ ತಾಡಪಾಲು, ಶಾಮಿಯಾನ ಹೊಲಿಯುತ್ತಿದ್ದ. ಹೊಲಿಗೆಯಲ್ಲಿ ಅವನಷ್ಟು ನೇರವಾಗಿ ಗೆರೆ ಎಳೆಯುವವನನ್ನು ನಾನು ಕಂಡಿಲ್ಲ. ಚಾಕ್ ಹಾಕದೆ, ಅಳತೆ ಮಾಡದೆ, ಇಪ್ಪತ್ತು ಅಡಿ ಉದ್ದದ ಅಂಚನ್ನು ಮೆಷಿನ್ನಿಗೆ ಕೊಟ್ಟು ತುಳಿಯುತ್ತಾ ಹೋದರೆ ಕೊನೆಯಲ್ಲಿ ಒಂದು ನೂಲು ಆಚೀಚೆ ಇರುತ್ತಿರಲಿಲ್ಲ. ನಾನು ಸರ್ವೇಯರ್ ಆದ ಹೊಸತರಲ್ಲಿ, "ನೀ ಕಲ್ಲಿನ್ಯಾಗ ಗೆರಿ ಎಳಿ, ನಾ ಬಟ್ಟಿಯೊಳಗ ಎಳಿತೀನಿ" ಅಂದಿದ್ದ. ಅಳತೆಯ ವಿಷಯದಲ್ಲಿ ಅವನಿಗೆ ನನ್ನ ಮಾತೇ ಕೊನೆಯ ಮಾತು. ಅಂಗಡಿಯಲ್ಲಿ ಯಾರಾದರೂ ಉದ್ದ ಅಗಲದ ಬಗ್ಗೆ ತಕರಾರು ತೆಗೆದರೆ, "ನಮ್ಮ ಸರ್ವೇಯರು ಬರಲಿ ತಡೀರಿ" ಅನ್ನುತ್ತಿದ್ದ.

ಮಡಿಕೆಯ ಗೆರೆ ಹೋಗಲಾಡಿಸಲು ಮೊದಲು ನಾನೊಬ್ಬನೇ ಹೆಣಗಿದೆ. ಆ ಹಾಳೆ ರೆಕ್ಸಿನ್ನಿನಂಥದ್ದು, ನೇರವಾಗಿ ಇಸ್ತ್ರಿ ಇಟ್ಟರೆ ಕರಗಿಬಿಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮಾಳಿಗೆಯ ಮೇಲೆ ಹಳೆಯ ಜಮಖಾನೆ ಹಾಸಿ, ಅದರ ಮೇಲೆ ಪರದೆಯನ್ನು ಮಗುಚಿ ಹರಡಿದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು, ಅರ್ಧ ಗಂಟೆಯಲ್ಲಿ ಹಾಳೆ ಹದವಾಗಿ ಮೆತ್ತಗಾಯಿತು. ಹೆಂಡತಿ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಅಂಗೈಯಿಂದ ನಡುವಿನಿಂದ ಅಂಚಿಗೆ ತೀಡಿದೆವು. ಹೋಗದೆ ಉಳಿದ ಎರಡು ಗೆರೆಗಳಿಗೆ ಹಿಂಬದಿಯಿಂದ, ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿಯನ್ನು ಒಂದು ಮೊಳ ದೂರದಲ್ಲಿ ಹಿಡಿದೆ. ಗೆರೆಗಳು ಹೋದವು.

ಗೆರೆ ಹೋಗಿ ಅಲೆ ಬಂತು. ಗೋಡೆಯ ಮೇಲಿನ ಮೊಳೆಗಳಿಗೆ ನೇತುಹಾಕಿದಾಗ ಒಂದೊಂದು ಮೊಳೆಯಿಂದಲೂ ಕೆಳಕ್ಕೆ ನೆರಿಗೆಯಂಥ ಅಲೆ ಇಳಿಯಿತು. ಅದಕ್ಕೇ ಗೆಳೆಯನನ್ನು ಕರೆಸಿದೆ. ಅವನು ಬಂದು, ಚಪ್ಪಲಿ ಬಿಟ್ಟು, ಪರದೆಯ ಮುಂದೆ ನಿಂತು ನೋಡಿದ.

"ಇದಕ್ಕ ಕೆಳಗ ತೂಕ ಇಲ್ಲಲೇ. ಹಂಗ ಜೋತು ಬಿಟ್ಟರ ಅಲಿ ಬರದ ಏನ್ ಮಾಡತೈತಿ?"

ಅವನು ಪರದೆಯನ್ನು ಕೊಟ್ಟೂರಿಗೆ ಒಯ್ದು, ಕೆಳ ಅಂಚಿಗೆ ಒಂದು ಪೈಪು ತೂರುವಷ್ಟು ಮಡಿಕೆ ಹೊಲಿದು ತಂದ. ಪೈಪಿನೊಳಗೆ ಮರಳು ತುಂಬಿದೆವು. ಅರ್ಧ ಅಲೆ ಹೋಯಿತು. ಉಳಿದದ್ದಕ್ಕೆ ಬಡಗಿಯಿಂದ ಚೌಕಟ್ಟು ಮಾಡಿಸಿದೆವು, ಸುತ್ತಲೂ ಹಿತ್ತಾಳೆಯ ರಿಂಗು ಹೊಡೆದು, ರಬ್ಬರ್ ಹಗ್ಗದಿಂದ ಎಳೆದು ಕಟ್ಟಿದೆವು. ಎಳೆಯುವುದಕ್ಕೂ ಒಂದು ಕ್ರಮವಿದೆ. ಮೂಲೆಯಿಂದ ಶುರು ಮಾಡಿದರೆ ಮೂಲೆಯಲ್ಲೇ ಸುಕ್ಕು ನಿಲ್ಲುತ್ತದೆ. ಮೇಲೆ ನಡು, ಕೆಳಗೆ ನಡು, ಆಮೇಲೆ ಎಡ ಬಲ, ಹಾಗೆ ನಡುವಿನಿಂದ ಮೂಲೆಗೆ ಸಾಗಬೇಕು. ಚೌಕಟ್ಟು ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಅಳತೆ ಒಂದೇ ಬರಬೇಕು. ನಾನೇ ಟೇಪು ಹಿಡಿದು ಅಳೆದೆ. ಬಂತು.

ಆ ಭಾನುವಾರ ಮೂವರೂ ಕೂತು ಒಂದು ಹಳೆಯ ಸಿನಿಮಾ ನೋಡಿದೆವು. ಹೆಂಡತಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಪರದೆ ಹಾಲು ಹೊಯ್ದ ಹಾಗೆ ಸಮವಾಗಿತ್ತು. ಗೆಳೆಯ ಸಿನಿಮಾ ನೋಡಲೇ ಇಲ್ಲ, ತಾನು ಹೊಲಿದ ಅಂಚನ್ನೇ ನೋಡುತ್ತಿದ್ದ. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯ ದಿನಗಳು ಬಹಳ ಇಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ನನಗೆ ಮತ್ತೆ ಅಲೆ ಕಾಣಿಸಿತು. ಅಂಚಿನಲ್ಲಲ್ಲ, ನಡುವೆ. ಒಬ್ಬ ನಟ ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ. ಆ ಬಾಗಿಲ ಗೆರೆ ಅವನ ಭುಜದ ಬಳಿ ಸಣ್ಣದಾಗಿ ಹೊಟ್ಟೆ ಬಿಟ್ಟಿತ್ತು.

"ನಡುವೆ ಅಲಿ ಬಂದೈತಿ ನೋಡು."

ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು. "ನನಗೇನೂ ಕಾಣವಲ್ದು."

ಹವೆ ತಣ್ಣಗಾದರೆ ಹಾಳೆ ಬಿಗಿಯಾಗುತ್ತದೆ, ಅದಕ್ಕೇ ಇರಬೇಕು ಅಂದುಕೊಂಡು ಹಗ್ಗಗಳನ್ನು ಸಡಿಲಿಸಿದೆ. ಅಲೆ ಹೋಗಲಿಲ್ಲ. ಬಿಗಿ ಮಾಡಿದೆ. ಹೋಗಲಿಲ್ಲ. ಫ್ಯಾನಿನ ಗಾಳಿ ಇರಬಹುದೆಂದು ಫ್ಯಾನು ಆರಿಸಿ, ಬೆವರುತ್ತಾ ಕೂತು ನೋಡಿದೆ. ಅಲ್ಲೇ ಇತ್ತು. ಮರದ ಚೌಕಟ್ಟು ತೇವಕ್ಕೆ ತಿರುಚಿಕೊಂಡಿದೆಯೆಂದು ಅದನ್ನು ಕಿತ್ತು, ಕಬ್ಬಿಣದ ಚೌಕ ಪೈಪಿಗೆ ಬೆಸುಗೆ ಹಾಕಿಸಿ ಹೊಸದು ಮಾಡಿಸಿದೆ. ಅಳತೆ ಸರಿಯಿತ್ತು, ಅಲೆ ಹಾಗೆಯೇ ಇತ್ತು.

ಒಂದು ಮಾತು ಇಲ್ಲಿ ಹೇಳಬೇಕು. ನಿಜವಾದ ಅಲೆ ಇದ್ದ ಜಾಗದಲ್ಲೇ ಇರುತ್ತದೆ. ಇದು ನಾನು ಎಲ್ಲಿ ನೋಡಿದರೆ ಅಲ್ಲಿರುತ್ತಿತ್ತು. ಎಡಕ್ಕೆ ನೋಡಿದರೆ ಎಡಕ್ಕೆ, ಬಲಕ್ಕೆ ನೋಡಿದರೆ ಬಲಕ್ಕೆ. ಮೂವತ್ತು ವರ್ಷ ಅಳತೆಯಲ್ಲೇ ಅನ್ನ ತಿಂದವನು ನಾನು, ಅಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹಾಳೆ ಎಲ್ಲ ಕಡೆಯೂ ಕೆಟ್ಟಿದೆ ಅಂದುಕೊಂಡೆ. ತಪ್ಪು ನನ್ನದಿರಬಹುದು ಅನ್ನುವ ಯೋಚನೆ ಒಂದು ಸಲವೂ ಬರಲಿಲ್ಲ.

ಪರದೆಯನ್ನು ಗೆಳೆಯನ ಬಳಿ ಒಯ್ದೆ. ಅವನು ಕೆಳಗಿನ ಹೊಲಿಗೆ ಬಿಚ್ಚಿ, ನೂಲು ಸಡಿಲ ಮಾಡಿ ಮತ್ತೆ ಹೊಲಿದ. ಮನೆಗೆ ತಂದು ಕಟ್ಟಿದೆ. ಅಲೆ ಇತ್ತು. ಎರಡನೆಯ ಸಲ ಒಯ್ದಾಗ ಹೊಲಿಗೆಯೇ ಬೇಡವೆಂದು ಬಿಚ್ಚಿ, ಅಂಚನ್ನು ಸಲ್ಯೂಷನ್ ಹಚ್ಚಿ ಅಂಟಿಸಿದ. ತಾನೇ ಬಸ್ಸಿನಲ್ಲಿ ಹೊತ್ತು ತಂದು, ತಾನೇ ಕಟ್ಟಿದ. ಕೆಳಗಿಳಿದು ನೋಡಿ, "ಈಗ ಹೆಂಗೈತಿ?" ಅಂದ.

"ಐತಿ. ಅಲ್ಲೇ ಐತಿ."

ಅವನು ಪರದೆಗೆ ಕೆನ್ನೆ ಹಚ್ಚಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ದಕ್ಕೂ ನೋಡಿದ. "ನನಗ ಕಾಣವಲ್ದಲೋ."

"ನಿನಗ ಕಾಣೋದಿಲ್ಲ ಅಂದ್ರ ಇಲ್ಲಂತ ಅರ್ಥ ಏನು?"

ಅವನು ಪರದೆ ಇಳಿಸಿ, ಸುರುಳಿ ಸುತ್ತಿಕೊಂಡು ಮತ್ತೆ ಹೊರಟ.

ಆ ವಾರವೆಲ್ಲ ಮನೆಯಲ್ಲಿ ಅದೇ ಜಗಳ. ನನಗೆ ಕಾಣುವುದು ಅವಳಿಗೆ ಯಾಕೆ ಕಾಣುವುದಿಲ್ಲ ಅನ್ನುವುದು ನನಗೆ ಹಟವಾಗಿತ್ತು. ಅವಳು ಶಾಲೆಯಿಂದ ಬಂದು ಬ್ಯಾಗು ಇಡುವ ಮೊದಲೇ ಆ ಮಾತು ತೆಗೆಯುತ್ತಿದ್ದೆ. ಮೂರನೆಯ ಸಲ ಹೊಲಿದು ಬಂದ ಪರದೆಯನ್ನು ಕಟ್ಟಿ, ಸಿನಿಮಾ ಹಾಕಿ ಅವಳನ್ನು ಮೇಲೆ ಕರೆದೆ. ಅವಳ ಕೈಗೆ ಹಿಟ್ಟು ಹತ್ತಿತ್ತು.

"ನೋಡು. ಅಲ್ಲಿ. ಆ ಕಿಟಕಿ ಕಂಬಿ ನೋಡು. ಬಾಗೈತೋ ಇಲ್ಲೋ?"

ಅವಳು ಪರದೆಯನ್ನು ನೋಡಿದಳು, ನನ್ನ ಮುಖ ನೋಡಿದಳು. "ಹೂಂ ರಿ. ಐತಿ" ಅಂದಳು.

ಇದನ್ನೆಲ್ಲ ಈಗ ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ಅವಳು. ಇಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದಳು. ಈ ಭಾಗ ಬಿಟ್ಟುಬಿಡೋಣವೇ ಅಂತ ಕೇಳಿದೆ. "ಬ್ಯಾಡ. ನಾನ ಅಂದದ್ದು, ಬರೀತೀನಿ" ಅಂದಳು. ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳಂತೆ. ಹೂಂ ಅಂದರೆ ಮಾತು ಮುಗಿಯುತ್ತದೆ ಅಂದುಕೊಂಡಳಂತೆ. ಮುಗಿಯಿತು ಕೂಡ. ಮನೆಯಲ್ಲಿ ಆಮೇಲೆ ಜಗಳವಿರಲಿಲ್ಲ. ಆದರೆ ನನಗೊಂದು ಸಾಕ್ಷಿ ಸಿಕ್ಕಿತ್ತು.

ಮರುದಿನ ಆ ಸಾಕ್ಷಿ ಇಟ್ಟುಕೊಂಡೇ ಕೊಟ್ಟೂರಿಗೆ ಹೋದೆ. ಅಂಗಡಿಯಲ್ಲಿ ಲಾರಿಯವರಿಬ್ಬರು, ಶಾಮಿಯಾನ ಬಾಡಿಗೆಗೆ ಕೊಡುವವನೊಬ್ಬ ಕೂತಿದ್ದರು. ಗೆಳೆಯ ಮೆಷಿನ್ನಿನ ಮುಂದಿದ್ದ. ನಾನು ಪರದೆಯ ಸುರುಳಿಯನ್ನು ಅವನ ಕಾಲ ಬಳಿ ಇಟ್ಟೆ.

"ಮೂರು ಸಲ ಆತು. ನಿನ್ನ ಕೈಲೆ ಆಗಂಗಿಲ್ಲ ಅಂದ್ರ ಆಗಂಗಿಲ್ಲಂತ ಹೇಳಬೇಕು."

"ಮತ್ತ ಐತೇನು?"

"ನಾ ಒಬ್ಬನ ಅಲ್ಲ, ಆಕಿನೂ ಹಂಗ ಅಂತಾಳ. ನಿನ್ನ ಕೈ ಕೆಟ್ಟೈತಿ. ವಯಸ್ಸಾತು, ಒಪ್ಪಿಕೋ. ಗೆರಿ ಮೊದಲಿನಂಗ ಬರವಲ್ದು ನಿನಗ."

ಶಾಮಿಯಾನದವನು ಹೊರಗೆ ನೋಡಿದ. ಗೆಳೆಯ ಮೆಷಿನ್ನಿನ ಗಾಲಿಯ ಮೇಲೆ ಕೈಯಿಟ್ಟಿದ್ದ. ಆ ಕೈಯನ್ನು ತೆಗೆದು, ಮಗುಚಿ, ಅಂಗೈ ನೋಡಿಕೊಂಡ. "ತಂಗಿನೂ ಅಂದಳೇನು?" ಅಂತ ಕೇಳಿದ, ನನ್ನ ಹೆಂಡತಿಯನ್ನು ಅವನು ಕರೆಯುವುದೇ ಹಾಗೆ. ಹೌದು ಅಂದೆ. "ಹಂಗಾದ್ರ ಇರಬೇಕು" ಅಂದ. ನಾನು ಪರದೆ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಸತ್ಯ ಹೇಳಿದೆ ಅನ್ನುವ ಬಿಗುವಿನಲ್ಲೇ ನಡೆದೆ.

ಅದಾದ ಐದು ತಿಂಗಳಿಗೆ ಕೂಡ್ಲಿಗಿಯ ಹೊರಗೆ ಒಂದು ಹೊಲ ಅಳೆಯಲು ಹೋಗಿದ್ದೆ. ಈಗ ಅಳತೆಗೆ ಉಪಗ್ರಹ ನೋಡುವ ಯಂತ್ರಗಳು ಬಂದಿವೆ, ಆದರೂ ಹದ್ದಿನ ಗೆರೆಯನ್ನು ಕಣ್ಣಿಂದ ಒಮ್ಮೆ ನೋಡದೆ ಕಲ್ಲು ನೆಡಿಸುವುದು ನನಗೆ ಒಗ್ಗುತ್ತಿರಲಿಲ್ಲ. ಹೊಲದ ಯಜಮಾನ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಆಚೆ ಬದುವಿನ ಮೇಲೆ ನಿಂತಿದ್ದ. ಹತ್ತು ಗಂಟೆಯ ನಿಚ್ಚಳ ಬಿಸಿಲು.

"ಕೋಲು ಸೊಟ್ಟ ಹಿಡದೀರಿ. ನೆಟ್ಟಗ ಹಿಡೀರಿ."

"ನೆಟ್ಟಗ ಐತ್ರಿ ಸಾಹೇಬ್ರ."

"ನಡುವೆ ಬಾಗೈತಿ. ಬ್ಯಾರೆ ಕೋಲು ತರ್ರಿ."

ಅವನು ಬೇರೆ ಕೋಲು ತಂದು ಹಿಡಿದ. ಅದೂ ನಡುವೆ ಬಾಗಿತ್ತು, ಅದೇ ಜಾಗದಲ್ಲಿ, ಅಷ್ಟೇ. ಗುರಿ ನೋಡುವಾಗ ನಾನು ಮೊದಲಿನಿಂದಲೂ ಎಡಗಣ್ಣಿನವನು, ಬಲಗಣ್ಣು ಮುಚ್ಚುವುದು ರೂಢಿ. ಅವತ್ತು ಯಾಕೋ ಎಡಗಣ್ಣು ಮುಚ್ಚಿದೆ. ಕೋಲು ನೆಟ್ಟಗಾಯಿತು. ಬಲಗಣ್ಣು ಮುಚ್ಚಿದೆ. ಬಾಗಿತು. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಬದುವಿನ ಮೇಲೆ ಕೂತುಬಿಟ್ಟೆ. ಯಜಮಾನ ಓಡಿ ಬಂದು ನೀರು ಕೊಟ್ಟ. ಬಿಸಿಲಿಗೆ ತಲೆ ಸುತ್ತಿದೆ ಅಂದುಕೊಂಡ. ನನ್ನ ಕಣ್ಣ ಮುಂದಿದ್ದದ್ದು ಹೊಲವಲ್ಲ. ಕೊಟ್ಟೂರಿನ ಅಂಗಡಿ, ಮಗುಚಿದ ಆ ಅಂಗೈ.

ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರು ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಅದರ ಮೇಲೆ ಲೆಕ್ಕದ ಪುಸ್ತಕದ ಹಾಗೆ ಚೌಕಳಿ ಗೆರೆಗಳು, ನಡುವೆ ಒಂದು ಚುಕ್ಕೆ. ಚುಕ್ಕೆಯನ್ನೇ ನೋಡಲು ಹೇಳಿ ಬಲಗಣ್ಣು ಮುಚ್ಚಿಸಿದರು. ಚುಕ್ಕೆಯ ಸುತ್ತ ಗೆರೆಗಳೆಲ್ಲ ಕೆರೆಯ ನೀರಿನ ಹಾಗೆ ಅಲುಗಿದ್ದವು. ಒಂದು ಕಡೆ ಗೆರೆಯೇ ಇರಲಿಲ್ಲ, ಬೂದು ಬಣ್ಣದ ಕಲೆ ಇತ್ತು. ಅವರು ಕಣ್ಣಿನ ಹಿಂದಿನ ಪರದೆಯ ಚಿತ್ರ ತೆಗೆಸಿದರು. ಕಣ್ಣಿನ ನಡುಭಾಗದಲ್ಲಿ ರಕ್ತನಾಳ ಸೋರಿ, ಪದರ ಉಬ್ಬಿ, ಈಗ ಗಾಯ ಮಾಗಿ ಕಲೆ ಕಟ್ಟಿದೆ ಅಂದರು. ಬಲಗಣ್ಣಿನಲ್ಲೂ ಶುರುವಾಗಿದೆ.

"ಗೆರೆ ಡೊಂಕಾಗಿ ಕಾಣೋದು ಮೊದಲು ಯಾವಾಗ ಗೊತ್ತಾಯ್ತು?" ಅಂತ ಕೇಳಿದರು.

"ಹೋದ ಮಳೆಗಾಲದಾಗ. ಮನಿಯಾಗ ಸಿನಿಮಾ ಪರದಿ ಮ್ಯಾಲೆ" ಅಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. ಬಯ್ಯಲಿಲ್ಲ. ಆಗಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಎಡಗಣ್ಣು ಉಳಿಸಬಹುದಿತ್ತು, ಈಗ ಬಲಗಣ್ಣನ್ನು ನೋಡಿಕೊಳ್ಳೋಣ ಅಂದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಹೇಳಿದಳು, "ನಾ ಹೂಂ ಅನ್ನಬಾರದಿತ್ತು." ಹೂಂ ಅನ್ನಿಸಿದವನು ನಾನು.

ಆಮೇಲೆ ತಿಂಗಳಿಗೊಮ್ಮೆ ದಾವಣಗೆರೆ. ಕೂಡ್ಲಿಗಿಯಿಂದ ಬಸ್ಸು ಕೊಟ್ಟೂರು ಹಾದು, ಹರಪನಹಳ್ಳಿ ಹಾದು ಹೋಗುತ್ತದೆ. ಬಲಗಣ್ಣಿನೊಳಗೇ ಇಂಜೆಕ್ಷನ್ ಕೊಡುತ್ತಾರೆ. ನೋವಿಗೆ ಹನಿ ಹಾಕಿರುತ್ತಾರೆ, ಆದರೂ ಸೂಜಿ ಬರುವುದು ತಿಳಿಯುತ್ತದೆ. ಹಣೆಗೆ ಕೈಯಿಟ್ಟು ಹಿಡಿದಿರುತ್ತಾರೆ. ಐದು ತಿಂಗಳು ಕೊಟ್ಟೂರಿನ ನಿಲ್ದಾಣದಲ್ಲಿ ಬಸ್ಸು ನಿಂತಾಗಲೆಲ್ಲ ನಾನು ಆಚೆ ಕಡೆಯ ಕಿಟಕಿಗೆ ಮುಖ ತಿರುಗಿಸಿ ಕೂತೆ. ಇಳಿದರೆ ಏನು ಹೇಳಬೇಕೋ ಅದು ಗೊತ್ತಿತ್ತು, ಅದಕ್ಕೇ ಇಳಿಯಲಿಲ್ಲ. ಎಡಗಣ್ಣಿನ ನಡುವೆ ಈಗ ಏನೂ ಕಾಣುವುದಿಲ್ಲ, ಯಾರನ್ನು ನೋಡಿದರೂ ಅವರ ಕಿವಿ, ಕೂದಲು ಕಾಣುತ್ತವೆ, ಮುಖವಿಲ್ಲ. ಬಲಗಣ್ಣಿನಲ್ಲಿ ಮುಖವಿದೆ, ಆದರೆ ಅಲುಗುತ್ತದೆ. ಅವಧಿಗೆ ಮುಂಚೆಯೇ ನಿವೃತ್ತಿಗೆ ಬರೆದುಕೊಟ್ಟೆ. ನಾನು ಕೊನೆಯ ವರ್ಷ ನೆಡಿಸಿದ ಕಲ್ಲುಗಳನ್ನೆಲ್ಲ ಮತ್ತೆ ಅಳೆಯಿಸಿ ಅಂತ ಕಚೇರಿಗೆ ಕಾಗದ ಬರೆದೆ. ಯಂತ್ರದ ಅಳತೆ ಇದೆ, ಚಿಂತೆ ಬೇಡ ಅಂದರು. ಪರದೆಯನ್ನು ಹೆಂಡತಿಯ ಶಾಲೆಗೆ ಕೊಟ್ಟೆವು. ಮಕ್ಕಳಿಗೆ ಪಾಠದ ಚಿತ್ರ ತೋರಿಸುತ್ತಾರಂತೆ. ಅದರ ಮೇಲೆ ಒಂದು ಸುಕ್ಕೂ ಇಲ್ಲವಂತೆ.

ಆರನೆಯ ತಿಂಗಳು ಹೆಂಡತಿ ನನ್ನ ತೋಳು ಹಿಡಿದು ಕೊಟ್ಟೂರಿನಲ್ಲಿ ಇಳಿಸಿದಳು. "ನೀವು ಹೇಳದಿದ್ರ ನಾ ಹೇಳತೀನಿ" ಅಂದಳು.

ಅಂಗಡಿಯಲ್ಲಿ ಮೆಷಿನ್ನಿನ ಸದ್ದಿರಲಿಲ್ಲ. ಮೆಷಿನ್ನು ಇದ್ದ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ತಾಡಪಾಲಿನ ಸುರುಳಿಗಳು ನಿಂತಿದ್ದವು. ಗೆಳೆಯ ಈಗ ಅದನ್ನು ಕೊಯ್ದು ಮಾರುತ್ತಾನಂತೆ. ಮೆಷಿನ್ನನ್ನು ಹಡಗಲಿಯ ಒಬ್ಬನಿಗೆ ಕೊಟ್ಟನಂತೆ. ಅವನು ಎದ್ದು ನಿಂತು, "ಬಾರವ್ವ ತಂಗಿ" ಅಂತ ಹೆಂಡತಿಯನ್ನು ಕರೆದ. ನನಗೆ ಸ್ಟೂಲು ಸರಿಸಿಕೊಟ್ಟ.

"ನಿನ್ನ ಹೊಲಿಗಿ ಸರಿ ಇತ್ತಲೇ" ಅಂದೆ. "ನನ್ನ ಕಣ್ಣು ಕೆಟ್ಟಿತ್ತು. ಈಕಿ ನನ್ನ ಕಾಟ ತಾಳಲಾರದ ಹೂಂ ಅಂದಿದ್ಲು."

ಅವನು ನನ್ನ ಗದ್ದ ಹಿಡಿದು, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಒಂದೊಂದೇ ಕಣ್ಣು ನೋಡಿದ.

"ಹೊರಗಿಂದ ಏನೂ ಕಾಣಂಗಿಲ್ಲಲ್ಲೋ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು.

"ಮೆಷಿನ್ ಯಾಕ ಕೊಟ್ಟಿ?"

"ನೀ ಹೇಳಿ ಹೋದ ಮ್ಯಾಗ ನಾ ನನ್ನ ಕೈ ನೋಡಾಕ ಹತ್ತಿದೆ. ಅದಕ್ಕ ಮೊದಲ ಎಂದೂ ನೋಡಿದ್ದಿಲ್ಲ, ಬಟ್ಟಿ ನೋಡತಿದ್ದೆ. ಕೈ ನೋಡಾಕ ಹತ್ತಿದ ಮ್ಯಾಗ ಅದು ನಡುಗಾಕ ಹತ್ತಿತು. ಒಂದು ಶಾಮಿಯಾನ ಕೆಡಿಸಿದೆ. ಇನ್ನೊಂದು ಕೆಡಿಸಿದೆ. ಸಾಕು ಅನಿಸಿತು."

"ಈಗ ಹೇಳಿದ್ನಲ್ಲಪ, ನಿಂದೇನೂ ತಪ್ಪಿಲ್ಲಂತ."

"ಹೇಳಿದಿ. ನಾ ಕೇಳಿದೆ. ಕೈ ಕೇಳಬೇಕಲ್ಲ."

ಗಲ್ಲಾದ ಕೆಳಗೆ ಒಂದು ಗೋಣಿಪಟ್ಟೆಯ ತುಂಡಿತ್ತು. ಅದರ ಅಂಚಿಗೆ ದಬ್ಬಣದಿಂದ ಕೈಹೊಲಿಗೆ ಹಾಕಿದ್ದ. ಹೊತ್ತು ಹೋಗದಾಗ ಹಾಕುತ್ತಾನಂತೆ. ಅದನ್ನು ನನ್ನ ಮುಂದೆ ಹಿಡಿದ.

"ನೆಟ್ಟಗ ಐತೇನು?"

ರೂಢಿಯಲ್ಲಿ ಕೇಳಿಬಿಟ್ಟ. ನಾನು ಬಲಗಣ್ಣಿಗೆ ಹತ್ತಿರ ತಂದು ನೋಡಿದೆ. ಗೆರೆ ಅಲುಗುತ್ತಿತ್ತು. ಅದು ಅವನ ಕೈಯ ನಡುಕವೋ ನನ್ನ ಕಣ್ಣಿನದೋ ನನಗೆ ತಿಳಿಯಲಿಲ್ಲ. "ನೆಟ್ಟಗ ಐತಿ" ಅಂದೆ. ಕಣ್ಣು ಕೆಟ್ಟವನನ್ನು ಕೇಳಿದ ತಪ್ಪು ಅವನಿಗೆ ತಿಳಿಯಿತು. ಹೆಂಡತಿಯ ಕಡೆ ಹಿಡಿದ.

"ಐತಣ್ಣ. ಖರೇನ ನೆಟ್ಟಗ ಐತಿ" ಅಂದಳು ಅವಳು.

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಮ್ಮಿಬ್ಬರ ಮಾತೂ ಅವನಿಗೆ ಈಗ ಯಾವ ಲೆಕ್ಕಕ್ಕೂ ಬರುವ ಹಾಗಿರಲಿಲ್ಲ. ಗೋಣಿಪಟ್ಟೆಯನ್ನು ಮಡಚಿ ಕೆಳಗಿಟ್ಟು, ಎದುರಿನ ಹೋಟೆಲಿಗೆ ಮೂರು ಚಹಾ ಹೇಳಿದ.

ಈಗ ಪ್ರತಿ ತಿಂಗಳೂ ಇಳಿಯುತ್ತೇವೆ. ಚಹಾ ಕುಡಿಯುತ್ತೇವೆ. ಅವನು ನನ್ನನ್ನು ಬಸ್ಸಿನವರೆಗೆ ಕೈಹಿಡಿದು ನಡೆಸಿಕೊಂಡು ಬಂದು ಸೀಟಿನಲ್ಲಿ ಕೂರಿಸುತ್ತಾನೆ. ಅವನ ಕೈ ನನ್ನ ಕೈಯಲ್ಲಿ ಸಣ್ಣಗೆ ನಡುಗುತ್ತಿರುತ್ತದೆ. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.